ಸೋನೆ ಮಳೆಯಲ್ಲಿ ಪುಟಾಣಿ ಉಗಿ ಎಂಜಿನ್ ಓಡಿಸುವುದು

ಹೊಸನಗರದ ಕಡೆ ನಮ್ಮ ಮನೆ. ಅಡಿಕೆ ಒಣಗಿಸುವ ಅಂಗಳದ ಸುತ್ತ 5 ಇಂಚು ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಹಳಿ ಹಾಕಿಕೊಂಡಿದ್ದೇನೆ. ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ವೆಲ್ಡ್ ಮಾಡಿದ್ದು, ಅಷ್ಟೇ. ಅದರ ಮೇಲೆ ಓಡುವುದು ನಾಲ್ಕು ಚಕ್ರದ ಟ್ಯಾಂಕ್ ಎಂಜಿನ್, ಅಂದರೆ ನೀರಿನ ಟ್ಯಾಂಕನ್ನು ಮೈಮೇಲೇ ಹೊತ್ತ ಉಗಿ ಎಂಜಿನ್. ಶಿವಮೊಗ್ಗದಲ್ಲಿ ಲೇತ್ ಕೆಲಸ ಮಾಡಿಕೊಂಡಿದ್ದಾಗ ಬಿಡುವಿನಲ್ಲಿ ನಾನೇ ಮಾಡಿದ್ದು. ಬಿಸಿಲಲ್ಲಿ ಮೂರು ಮಕ್ಕಳನ್ನೂ ನನ್ನನ್ನೂ ಆರಾಮಾಗಿ ಎಳೆಯುತ್ತದೆ. ಆರಿದ್ರಾ ಮಳೆ ಹಿಡಿದರೆ ಮಾತ್ರ ಹೊರಟಲ್ಲೇ ಚಕ್ರ ಗಿರಗಿರ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಮಳೆಗಾಲದಲ್ಲಿ ಯಾಕೆ ಓಡಿಸಬೇಕು ಅಂತ ಕೇಳುವವರಿದ್ದಾರೆ. ದೀಪಾವಳಿ ಕಳೆದರೆ ಕೊನೆಕೊಯ್ಲು ಶುರು, ಅಂಗಳದ ತುಂಬ ಅಡಿಕೆ. ಆಗ ರೈಲು ಬಿಡುತ್ತೇನೆ ಅಂದರೆ ಮನೆಯವರು ಸುಮ್ನೆ ಇರ್ತಾರಾ?

ಸಣ್ಣ ಎಂಜಿನ್ ಜಾರುವುದಕ್ಕೆ ಅದರ ಅಳತೆಯೇ ಕಾರಣ. ದೊಡ್ಡ ಎಂಜಿನ್ನನ್ನು ಹನ್ನೆರಡನೇ ಒಂದು ಪಾಲಿಗೆ ಇಳಿಸಿದರೆ ಪಿಸ್ಟನ್ನಿನ ಮುಖದ ವಿಸ್ತೀರ್ಣ 144ರಲ್ಲಿ ಒಂದು ಪಾಲಾಗುತ್ತದೆ. ತೂಕ ಮಾತ್ರ 1,728ರಲ್ಲಿ ಒಂದು ಪಾಲು. ನಾವು ಬಾಯ್ಲರ್‌ನಲ್ಲಿ ಪ್ರೆಷರ್ ಕಡಿಮೆ ಇಟ್ಟುಕೊಂಡರೂ ತೂಕಕ್ಕೆ ಹೋಲಿಸಿದರೆ ಎಳೆತ ಜಾಸ್ತಿಯೇ ಉಳಿಯುತ್ತದೆ. ನನ್ನ ಎಂಜಿನ್ನಿನ ಸಿಲಿಂಡರ್ ಒಂದೂವರೆ ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಎರಡು ಇಂಚು, ಚಕ್ರ ಐದು ಇಂಚು. ಚದರ ಇಂಚಿಗೆ 80 ಪೌಂಡ್ ಪ್ರೆಷರ್‌ನಲ್ಲಿ ಲೆಕ್ಕ ಹಾಕಿದರೆ ಸುಮಾರು 28 ಕೆ.ಜಿ. ಎಳೆತ ಬರುತ್ತದೆ. ನೀರು ತುಂಬಿಸಿದ ಎಂಜಿನ್ನಿನ ತೂಕ 50 ಕೆ.ಜಿ. ಒಣ ಹಳಿಯಲ್ಲಿ ಹಿಡಿತ ಸಿಗುವುದು ಹೆಚ್ಚೆಂದರೆ 15 ಕೆ.ಜಿ.ಗೆ, ಒದ್ದೆ ಹಳಿಯಲ್ಲಿ ಅದರ ಅರ್ಧಕ್ಕೆ. ಎಣ್ಣೆ, ಎಲೆ ರಸ ಸೇರಿದರೆ ಎರಡು ಮೂರು ಕೆ.ಜಿ. ಉಳಿದರೆ ಪುಣ್ಯ. ಅಂದರೆ ಶಕ್ತಿ ಸಾಲದೆ ನಿಲ್ಲುವುದಲ್ಲ ಇದು, ಶಕ್ತಿ ಹಳಿಗೆ ಇಳಿಯುತ್ತಿಲ್ಲ.

ಧೋ ಅಂತ ಸುರಿಯುವ ಮಳೆ ಅಷ್ಟು ಕಾಟ ಕೊಡುವುದಿಲ್ಲ. ಅದು ಹಳಿಯನ್ನು ತೊಳೆದು ಬಿಡುತ್ತದೆ. ಕೆಟ್ಟದ್ದು ಸೋನೆ ಮಳೆ, ಬೆಳಗಿನ ಇಬ್ಬನಿ. ತೊಳೆಯುವಷ್ಟು ನೀರಿಲ್ಲ, ತುಕ್ಕಿನ ಪುಡಿ ಮತ್ತು ಎಣ್ಣೆಯನ್ನು ಕಲೆಸುವುದಕ್ಕೆ ಸಾಕು. ಬೆರಳಿಟ್ಟು ಹಳಿಯ ನೆತ್ತಿಯನ್ನು ಸವರಿ ನೋಡಿದರೆ ಕಂದು ಬಣ್ಣದ ಲೋಳೆ ಅಂಟುತ್ತದೆ. ನಾನು ಹೊರಡುವ ಮೊದಲು ಬಕೆಟ್ ನೀರು ಸುರಿದು, ಗೋಣಿಚೀಲದಿಂದ ಗಸಗಸ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಇಡೀ ಸುತ್ತು ಬೇಕಾಗಿಲ್ಲ, ಹೊರಡುವ ಜಾಗ ಮತ್ತು ಏರು ಇರುವ ತಿರುವು ಸಾಕು. ಚಕ್ರದ ಅಂಚನ್ನೂ ಒರೆಸಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತುಕ್ಕು ಹಿಡಿಯಬಾರದು ಅಂತ ಹಳಿಗೆ ಎಣ್ಣೆ ಹಚ್ಚುವ ಪದ್ಧತಿ ಇದ್ದರೆ ನೆತ್ತಿಗೆ ಮಾತ್ರ ಮುಟ್ಟಿಸಬೇಡಿ.

ಎಣ್ಣೆ ಹೊರಗಿನಿಂದಷ್ಟೇ ಬರುವುದಲ್ಲ. ತಣ್ಣಗಿನ ಸಿಲಿಂಡರ್‌ಗೆ ಉಗಿ ಬಿಟ್ಟಾಗ ಅದು ನೀರಾಗುತ್ತದೆ. ಆ ನೀರನ್ನು ಡ್ರೈನ್ ಕಾಕ್ (ಸಿಲಿಂಡರ್‌ನ ಸಣ್ಣ ನಲ್ಲಿ) ತೆರೆದು ಹೊರಗೆ ಬಿಡುತ್ತೇವೆ, ಜೊತೆಗೆ ಸಿಲಿಂಡರ್ ಎಣ್ಣೆಯೂ ಬರುತ್ತದೆ. ನನ್ನ ಎಂಜಿನ್ನಿನಲ್ಲಿ ಆ ನಳಿಗೆಗಳ ಬಾಯಿ ನೇರ ಹಳಿಯ ಮೇಲಿತ್ತು, ಚಕ್ರಕ್ಕೆ ಎರಡೇ ಇಂಚು ಮುಂದೆ! ಸಣ್ಣ ತಾಮ್ರದ ನಳಿಗೆ ಬೆಸೆದು ಬಾಯಿಯನ್ನು ಹೊರಗಡೆಗೆ ಬಗ್ಗಿಸಿದೆ. ಇಷ್ಟು ಚಿಕ್ಕ ಕೆಲಸ ಕೊಟ್ಟ ಗುಣವನ್ನು ಬೇರೆ ಯಾವುದೂ ಕೊಡಲಿಲ್ಲ.

ಮರಳು ಹಾಕಿ ಅನ್ನುವ ಸಲಹೆ ಎಲ್ಲರಿಂದ ಬರುತ್ತದೆ. ದೊಡ್ಡ ಉಗಿ ಎಂಜಿನ್‌ಗಳಲ್ಲಿ ಮರಳಿನ ಡಬ್ಬಿ ಇರುತ್ತಿತ್ತು, ನಿಜ. ಅಲ್ಲಿ ಯಂತ್ರದ ಭಾಗಗಳು ನೆಲದಿಂದ ಎತ್ತರದಲ್ಲಿರುತ್ತವೆ. ನಮ್ಮದರಲ್ಲಿ ರಾಡು, ಬೇರಿಂಗ್ ಎಲ್ಲ ಹಳಿಯಿಂದ ಒಂದು ಗೇಣೂ ಇಲ್ಲ. ಹಾರಿದ ಮರಳು ಎಣ್ಣೆ ಜೊತೆ ಸೇರಿ ಬೇರಿಂಗನ್ನು ಅರೆದು ಹಾಕುತ್ತದೆ. ಹಿಂದಿನ ಟ್ರಾಲಿಗಳೂ ಭಾರವಾಗಿ ಓಡುತ್ತವೆ. ಅದೂ ಅಲ್ಲದೆ ಜುಲೈ ತಿಂಗಳಲ್ಲಿ ಮಲೆನಾಡಲ್ಲಿ ಒಣ ಮರಳು ಎಲ್ಲಿ ಸಿಗುತ್ತದೆ ಹೇಳಿ. ತೂಕ ಬೇಕು ಅಂದರೆ ಪಕ್ಕದ ಟ್ಯಾಂಕುಗಳನ್ನು ತುಂಬಿಸಿಕೊಳ್ಳುವುದೇ ಮೇಲು. ನೀರಿನ ಭಾರ ಚಕ್ರದ ಮೇಲೇ ಬೀಳುತ್ತದೆ. ಅರ್ಧ ಖಾಲಿಯಾಗುವ ತನಕ ಕಾಯಬಾರದು.

ಉಳಿದದ್ದು ಕೈಯ ಕೆಲಸ. ರೆಗ್ಯುಲೇಟರ್, ಅಂದರೆ ಸಿಲಿಂಡರ್‌ಗೆ ಉಗಿ ಬಿಡುವ ಹಿಡಿಯನ್ನು, ಕೂದಲೆಳೆಯಷ್ಟು ತೆಗೆದು ಕಾಯಬೇಕು. ಉಗಿ ಸಿಲಿಂಡರ್ ತಲುಪಲು ಒಂದು ಕ್ಷಣ ಹಿಡಿಯುತ್ತದೆ. ಗಾಡಿ ಅಲ್ಲಾಡಲಿಲ್ಲ ಅಂತ ಆ ಕ್ಷಣದಲ್ಲೇ ಇನ್ನಷ್ಟು ಎಳೆದರೆ ಮುಗಿಯಿತು. ಚಿಮಣಿಯ ಸದ್ದು ಭರ್ರ್ ಅಂದ ಕೂಡಲೇ ಪೂರ್ತಿ ಮುಚ್ಚಿ, ಚಕ್ರ ಹಿಡಿದ ಮೇಲೆ ಮತ್ತೆ ತೆರೆಯಬೇಕು. ಜಾರಲು ಬಿಟ್ಟರೆ ಚಿಮಣಿಯಿಂದ ನುಗ್ಗುವ ಉಗಿಯ ಸೆಳೆತಕ್ಕೆ ಬೆಂಕಿ ಕೆದರಿ ಕಲ್ಲಿದ್ದಲು ಚೂರು ಚಿಮಣಿಯಿಂದ ಹಾರುತ್ತದೆ. ಬಾಯ್ಲರ್ ನೀರೂ ಉಗಿಯ ಜೊತೆ ಎದ್ದು ಬಂದು ಎಣ್ಣೆ ಸಮೇತ ಹೊರಗೆ ಉಗುಳುತ್ತದೆ. ಅದು ಬೀಳುವುದು ಎಲ್ಲಿ? ಮತ್ತೆ ಹಳಿಯ ಮೇಲೆಯೇ.

ನಿಲ್ದಾಣವನ್ನೂ ಜಾಗ ಬದಲಿಸಿದೆ. ಮೊದಲು ಹಲಸಿನ ಮರದ ಕೆಳಗಿತ್ತು, ನೆರಳಿಗೆ ಅಂತ. ಉದುರಿದ ಎಲೆ ಚಕ್ರಕ್ಕೆ ಸಿಕ್ಕಿ ಅರೆದುಹೋಗಿ ಹಳಿಗೆ ಕಪ್ಪಗೆ ಮೆತ್ತಿಕೊಳ್ಳುತ್ತಿತ್ತು. ಈಗ ಕೊಟ್ಟಿಗೆ ಮಾಡಿನ ಕೆಳಗೆ, ಸ್ವಲ್ಪ ಇಳಿಜಾರಿನಲ್ಲಿದೆ. ಹೊರಡುವುದು ಸಲೀಸು.

"ಅಜ್ಜಾ, ಇನ್ನೂ ಜೋರು!" ಅಂತ ಹಿಂದೆ ಕೂತ ಮೊಮ್ಮಗಳು ಕೂಗುತ್ತಾಳೆ. ಓಡಿಸಬಹುದು, ಆದರೆ ನಿಲ್ಲಿಸಬೇಕಲ್ಲ. ಒದ್ದೆ ಹಳಿಯಲ್ಲಿ ಎಂಜಿನ್ನಿನ ಬ್ರೇಕ್ ಒತ್ತಿದರೆ ಚಕ್ರ ಬಿಗಿಯಾಗಿ ಹಾಗೇ ಜಾರಿಕೊಂಡು ಹೋಗುತ್ತದೆ, ಅಂಚು ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಅದಕ್ಕೇ ನಾನು ಕೂರುವ ಟ್ರಾಲಿಗೆ ಬ್ರೇಕ್ ಹಾಕಿಸಿದ್ದೇನೆ. ಜನರ ಭಾರವೆಲ್ಲ ಅಲ್ಲೇ ಇರುವುದರಿಂದ ಅದು ಹಿಡಿಯುತ್ತದೆ. ಮಳೆಯಲ್ಲಿ ನಡೆಯುವ ವೇಗಕ್ಕಿಂತ ಜಾಸ್ತಿ ಬಿಡುವುದಿಲ್ಲ.