ಪಣಜಿ ಕ್ಯಾಸಿನೊ ಹಡಗಿನ ಹೋಸ್ಟ್ (ಆಡಲು ಬರುವವರನ್ನು ನೋಡಿಕೊಳ್ಳುವ ಕ್ಯಾಸಿನೊ ನೌಕರ) ಹತ್ತಿರ ರೂಮ್, ಊಟ, ಎಂಟ್ರಿ ಕೇಳಿ ಪಡೆದದ್ದು: ನನ್ನ ಅನುಭವ

2023ರ ಚೌತಿಗೆ ಸ್ವಲ್ಪ ಮೊದಲು ಪಣಜಿಯಲ್ಲಿ ಎರಡು ರಾತ್ರಿ ಇದ್ದು ಬಂದೆ. ರೂಮಿಗೆ ದುಡ್ಡಿಲ್ಲ, ಎಂಟ್ರಿಗೆ ಇಲ್ಲ, ಊಟಕ್ಕೂ ಇಲ್ಲ. "ಲಕ್ಷಗಟ್ಟಲೆ ಕಳಕೊಂಡವರಿಗೆ ಮಾತ್ರ ಅದೆಲ್ಲ ಕೊಡೋದು ಮಾರಾಯ" ಅಂತ ಕಾರವಾರದ ಕೋಡಿಬಾಗದ ಚಹಾ ಅಂಗಡಿಯಲ್ಲಿ ವರ್ಷಗಟ್ಟಲೆ ಹೇಳುತ್ತಿದ್ದ ಗೆಳೆಯರ ಮುಂದೆ ಹೋಟೆಲಿನ ಬಿಲ್ ಇಟ್ಟೆ. ಕೊನೆ ಸಾಲಿನಲ್ಲಿ ಸೊನ್ನೆ. ಅವರು ಎರಡೆರಡು ಸಲ ತಿರುಗಿಸಿ ನೋಡಿದರು.

ಶುರುವಿನಲ್ಲಿ, 2018ರ ಹೊತ್ತಿಗೆ, ನಾನು ಮಾಡಿದ್ದೆಲ್ಲ ತಪ್ಪು. ಒಂದೊಂದು ಸಲ ಒಂದೊಂದು ಹಡಗು ಹತ್ತುತ್ತಿದ್ದೆ. ಟೇಬಲಿಗೆ ಕೂರುವಾಗ ನಮ್ಮ ಆಟದ ಲೆಕ್ಕ ಇಡುವ ಕ್ಯಾಸಿನೊ ಕಾರ್ಡ್ ಕೊಡುತ್ತಲೇ ಇರಲಿಲ್ಲ, ಹೆಸರು ಗೊತ್ತಾಗೋದು ಬೇಡ ಅಂತ. ಸುಮಾರು 70,000 ಹೋಯಿತು, ಯಾರ ಲೆಕ್ಕಕ್ಕೂ ಸಿಗಲಿಲ್ಲ. ಆಮೇಲೆ ಒಬ್ಬ ಹೋಸ್ಟ್ ಸಿಕ್ಕಿ "ಇನ್ನೊಂದು ಗಂಟೆ ಜೋರಾಗಿ ಆಡಿ ಸರ್, ರೂಮ್ ಮಾಡಿಸ್ತೇನೆ" ಅಂದ. 2,000ದ ಬೆಟ್ಟನ್ನು 5,000ಕ್ಕೆ ಏರಿಸಿದೆ. ರೂಮ್ ಸಿಕ್ಕಿತು, ನಿಜ. ಆದರೆ ಐದಾರು ಸಾವಿರದ ರೂಮಿಗೆ 42,000 ಕೊಟ್ಟ ಹಾಗಾಯಿತು. ಬೆಳಗಿನ ಜಾವ ಆ ರೂಮಿನ ಕಿಟಕಿಯಿಂದ ನೋಡಿದರೆ ಮಾಂಡವಿ ನದಿಯಲ್ಲಿ ಹಡಗಿನ ದೀಪ ಇನ್ನೂ ಉರಿಯುತ್ತಿತ್ತು. ನನ್ನ ಹೊಟ್ಟೆಯೂ.

ಅವತ್ತಿನಿಂದ ಒಂದು ನಿಯಮ. ಏನನ್ನಾದರೂ ಗಿಟ್ಟಿಸಲಿಕ್ಕೆ ಅಂತ ಬೆಟ್ ಏರಿಸೋದಿಲ್ಲ, ಹೊತ್ತೂ ಏರಿಸೋದಿಲ್ಲ.

ಯಾರಿಗೆ ಎಷ್ಟು ಕೊಡಬೇಕು ಅನ್ನೋದಕ್ಕೆ ಕ್ಯಾಸಿನೊದವರದ್ದೊಂದು ಲೆಕ್ಕ ಇದೆ. ಸರಾಸರಿ ಬೆಟ್, ಗಂಟೆಗೆ ಎಷ್ಟು ಕೈ (ಸುತ್ತು), ಎಷ್ಟು ಗಂಟೆ, ಹೌಸ್ ಎಡ್ಜ್, ಅಂದರೆ ಬೆಟ್ಟಿನಲ್ಲಿ ಸರಾಸರಿ ಅವರಿಗೆ ಉಳಿಯುವ ಪಾಲು; ಎಲ್ಲ ಗುಣಿಸಿದರೆ ನಿಮ್ಮಿಂದ ಅವರಿಗೆ ಬರಬೇಕಾದ ದುಡ್ಡು. ಆ ರಾತ್ರಿ ನೀವು ಗೆದ್ದಿರೋ ಸೋತಿರೋ ಅನ್ನೋದು ಅದರಲ್ಲಿ ಬರೋದಿಲ್ಲ. ಹಾಗಾಗಿ ನಾನು ಬಕಾರಾ ಅನ್ನೋ ಇಸ್ಪೀಟ್ ಆಟ ಬಿಟ್ಟು ಬೇರೆ ಕಡೆ ಕೂರೋದಿಲ್ಲ, ಅದರಲ್ಲೂ ಎರಡು ಕಡೆಗಳಲ್ಲಿ ಬ್ಯಾಂಕರ್ ಅನ್ನೋ ಕಡೆ ಮೇಲೆ ಮಾತ್ರ, ಎಡ್ಜ್ 1.06 ಪರ್ಸೆಂಟ್. ಟೈ, ಅಂದರೆ ಎರಡೂ ಕಡೆ ಸಮ ಅನ್ನೋ ಬೆಟ್, ಮುಟ್ಟಲೇಬೇಡಿ, ಅದರ ಎಡ್ಜ್ 14 ಪರ್ಸೆಂಟಿನ ಮೇಲೆ. 2,000 ಬೆಟ್, 5 ಗಂಟೆ, ಗಂಟೆಗೆ 60 ಕೈ ಅಂತ ಅವರು ಹಿಡಿದರೆ ತಿರುಗಿದ ದುಡ್ಡು 6 ಲಕ್ಷ, ಅವರಿಗೆ ಬರಬೇಕಾದ್ದು 6,400 ಹತ್ತಿರ. ಆದರೆ ತುಂಬಿದ ಟೇಬಲಿನಲ್ಲಿ ಪ್ರತಿಯೊಬ್ಬರೂ ಇಸ್ಪೀಟ್ ಎಲೆಯ ಮೂಲೆ ಮಡಚಿ, ಊದಿ, ಇಷ್ಟಿಷ್ಟೇ ಇಣುಕಿ ನೋಡುತ್ತಾರೆ. ಗಂಟೆಗೆ 40 ಕೈ ಆದರೆ ಜಾಸ್ತಿ. ಗೆಳೆಯರಿಗೆ ಆ ನಿಧಾನ ಅಂದರೆ ಬೇಜಾರು, ನನಗೆ ಬೇಕಾಗಿರೋದೇ ಅದು: ಅವರು ಹಿಡಿದ ಲೆಕ್ಕಕ್ಕಿಂತ ನಾನು ಕಳಕೊಳ್ಳೋದು ಕಡಿಮೆ. ಇನ್ನೊಂದು, ಟೇಬಲಿನ ಸೂಪರ್‌ವೈಸರ್ ನಿಮ್ಮ ಬೆಟ್ ಎಷ್ಟು ಅಂತ ನೋಡಿ ಬರೆದುಕೊಳ್ಳುತ್ತಾನೆ. ಅವನು ಬರೆದುಕೊಳ್ಳುವವರೆಗೆ ಬೆಟ್ ಇಳಿಸಬೇಡಿ. ಆಮೇಲೆ ನಾನೇನು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ.

ನಡುವೆ ಒಂದೇ ಸಲ ಬೇರೆ ಆಟದಲ್ಲಿ ಒಂದು ಪ್ರಯೋಗವೂ ಆಯಿತು. ರೂಲೆಟ್ ಚಕ್ರದಲ್ಲಿ ನಾನು ಕೆಂಪು, ಗೆಳೆಯ ಕಪ್ಪು, ಇಬ್ಬರದೂ 1,000. ಒಬ್ಬ ಸೋತರೆ ಇನ್ನೊಬ್ಬ ಗೆಲ್ಲುತ್ತಾನೆ, ಕಾರ್ಡ್ ಮಾತ್ರ ಎರಡೂ ತುಂಬುತ್ತದೆ ಅಂತ ನಮ್ಮ ಲೆಕ್ಕ. ಆದರೆ ಸೊನ್ನೆ ಬಂದರೆ ಇಬ್ಬರೂ ಸೋಲುತ್ತೇವೆ; ಒಂದೇ ಗಂಟೆಯಲ್ಲಿ ಅದು ಮೂರು ಸಲ ಬಂತು, 6,000 ಹೋಯಿತು. ಮೇಲಿಂದ ಇಬ್ಬರ ಆಟವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರಿಗೂ ಕಣ್ಣಿದೆ ಅಲ್ವಾ.

ಆಮೇಲೆ ಸಿಕ್ಕ ಹೋಸ್ಟ್ ಹುಡುಗ ಮಡಗಾಂವ ಕಡೆಯವನು. ನಮ್ಮ ಕಾರವಾರದ ಕೊಂಕಣಿ ಕೇಳಿದ ಕೂಡಲೇ ಸಲಿಗೆ ಬೆಳೆಯಿತು. ನಾಲ್ಕು ದಿನ ಮೊದಲೇ ಮೆಸೇಜ್ ಹಾಕುತ್ತೇನೆ: "ಮಂಗಳವಾರ, ಬುಧವಾರ ಬರ್ತೇನೆ. ದಿನಕ್ಕೆ 5 ಗಂಟೆ, 2,000 ಬೆಟ್. ಏನು ಮಾಡ್ಲಿಕ್ಕೆ ಆಗ್ತದೆ?" ಅಷ್ಟೇ. ಹೇಳಿದಷ್ಟು ಹೊತ್ತು ಕೂತೇ ಕೂರುತ್ತೇನೆ, ಯಾಕೆಂದರೆ ಅವನು ತನ್ನ ಮೇಲಿನವರ ಹತ್ತಿರ ನನ್ನ ಮಾತು ನಂಬಿ ಕೇಳಿರುತ್ತಾನೆ. ಶನಿವಾರ ಕೇಳಿದರೆ ಸಿಗೋದು ಕಷ್ಟ. ವಾರದ ನಡುವೆ ರೂಮ್ ಹೇಗೂ ಖಾಲಿ ಬಿದ್ದಿರುತ್ತದೆ. ಹೊರಡುವ ದಿನ ಬೆಳಿಗ್ಗೆ ನನ್ನ ರೇಟಿಂಗ್, ಅಂದರೆ ಬರೆದುಕೊಂಡ ಆಟದ ಲೆಕ್ಕ, ಎಷ್ಟು ಬಂತು ಅಂತ ತಪ್ಪದೆ ಕೇಳುತ್ತೇನೆ. ಒಂದು ಸಲ ಎರಡು ಗಂಟೆ ಬಿಟ್ಟುಹೋಗಿತ್ತು, ಕೇಳಿದ್ದಕ್ಕೆ ಸರಿಯಾಯಿತು. ದುಡ್ಡು ಯಾವತ್ತೂ ಕೊಟ್ಟಿಲ್ಲ, ಕೊಡಲೂಬಾರದು, ಅವನ ಕೆಲಸಕ್ಕೇ ಕುತ್ತು. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಈಶಾಡ ಮಾವಿನಹಣ್ಣು ಒಂದು ಡಜನ್ ಹುಲ್ಲಿನಲ್ಲಿ ಕಟ್ಟಿ ಒಯ್ದಿದ್ದೆ. ಜೆಟ್ಟಿಯಲ್ಲೇ ಒಂದನ್ನು ಮೂಸಿ ನೋಡಿ "ಇದು ಮನೆಗೆ, ಆಯಿಗೆ" ಅಂದ.

ಆ ವರ್ಷ ಫೆಬ್ರವರಿಯಿಂದ ಆರು ಟ್ರಿಪ್ ಆಗಿತ್ತು. ಆಟದಲ್ಲಿ ಒಟ್ಟು 45,000 ಹತ್ತಿರ ಹೋಗಿತ್ತು. ಸಿಕ್ಕಿದ್ದಕ್ಕೆ ಬೆಲೆ ಕಟ್ಟಿದರೆ 60,000 ದಾಟುತ್ತಿತ್ತು. ಒಂದು ಸಲ ಮನೆಯವರನ್ನೂ ಕರಕೊಂಡು ಹೋಗಿದ್ದೆ, ಅವರ ಊಟವೂ ಅದರಲ್ಲೇ.

ಆದರೆ 2023ರ ಅಕ್ಟೋಬರ್ 1ರಿಂದ ಚಿಪ್, ಅಂದರೆ ಆಡುವ ಬಿಲ್ಲೆ, ತೆಗೆದುಕೊಳ್ಳುವಾಗಲೇ ಪೂರ್ತಿ ಮೊತ್ತಕ್ಕೆ 28 ಪರ್ಸೆಂಟ್ ಜಿಎಸ್‌ಟಿ ಬರುವುದಿತ್ತು. ಗೆದ್ದ ದುಡ್ಡಿನಲ್ಲಿ ಮತ್ತೆ ಆಡಿದರೆ ಇಲ್ಲ ಅಂತ ಜಿಎಸ್‌ಟಿ ಮಂಡಳಿಯ ಆಗಸ್ಟಿನ ಸಭೆಯಲ್ಲಿ ಹೇಳಿದ್ದರು, ಆದರೂ 1 ಲಕ್ಷದ ಚಿಪ್ಪಿಗೆ 28,000 ಅಂದರೆ ರೂಮ್, ಊಟ ಯಾವ ಲೆಕ್ಕ? ಅದಕ್ಕೇ ಅದು ಬರುವ ಮೊದಲೇ, ಚೌತಿ ಮುಗಿದ ಮೇಲೆ ಸೆಪ್ಟೆಂಬರ್ 26ರ ಮಂಗಳವಾರಕ್ಕೆ ಇನ್ನೊಂದು ಸಲ ಹೇಳಿಟ್ಟಿದ್ದೆ. ಆ ಸಲ ಮಡಗಾಂವ ಸ್ಟೇಷನ್ನಿಗೆ ಕಾರನ್ನೂ ಕೇಳಿದ್ದೆ. "ನೋಡ್ತೇನೆ" ಅಂದಿದ್ದ.