ಎರಡು ಸೈಕಲ್ಲಿಗೆ ಒಂದೇ ಸೀಟಿನ ಅಳತೆ: ನನ್ನ ಅನುಭವ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರಲು ನನ್ನ ಹತ್ತಿರ ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯ ಸೈಕಲ್, ಇದೆ. ತೋಟದ ಮಣ್ಣುದಾರಿಗೆ, ಮಳೆಗಾಲಕ್ಕೆ ದಪ್ಪ ಟಯರಿನ ಎಂಟಿಬಿ (ಮೌಂಟನ್ ಬೈಕ್). ಮೊದಲನೆಯದರಲ್ಲಿ ಘಟ್ಟ ಹತ್ತಿದರೂ ಏನೂ ಆಗದ ಮಂಡಿ, ಎರಡನೆಯದರಲ್ಲಿ ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಚಿಪ್ಪಿನ ಹತ್ತಿರ ನೋಯತೊಡಗುತ್ತಿತ್ತು.

ಎರಡರ ಸೀಟನ್ನೂ ನೆಲದಿಂದ ಅಳೆದು ಒಂದೇ ಎತ್ತರಕ್ಕೆ ಕೂರಿಸಿದ್ದೆ. ತಪ್ಪಿದ್ದು ಅಲ್ಲೇ. ಕಾಲಿಗೆ ಬೇಕಾದ್ದು ನೆಲದಿಂದ ಎತ್ತರವಲ್ಲ, ಕ್ರ್ಯಾಂಕ್ (ಪೆಡಲ್ ಕೂರಿಸಿದ ತೋಳು) ತಿರುಗುವ ನಡುಬಿಂದುವಿನಿಂದ ಎತ್ತರ. ಆ ಬಿಂದು ರೋಡ್ ಬೈಕಿನಲ್ಲಿ ನೆಲದಿಂದ 27 ಸೆಂ.ಮೀ., ಎಂಟಿಬಿಯಲ್ಲಿ 30.5. ಅಷ್ಟೂ ದಿನ ಮೂರೂವರೆ ಸೆಂ.ಮೀ. ತಗ್ಗಿ ಕೂತು ತುಳಿದಿದ್ದೆ.

ಎತ್ತರ ಸರಿಮಾಡಿದೆ, ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸೀಟು ಹಿಂದೆ ಮುಂದೆ ಎಷ್ಟಿದೆ ಎಂಬುದನ್ನೂ ನೋಡಬೇಕಿತ್ತು. ಅಡಿಕೆ ಒಣಗಿಸುವ ಅಂಗಳ ನೀರು ಹರಿಯಲೆಂದು ಓರೆಯಾಗಿದೆ; ರಸಮಟ್ಟ ಇಟ್ಟು ನೋಡಿ ಜಗಲಿಯ ಮೇಲೆ ಸೈಕಲ್ ನಿಲ್ಲಿಸಿದೆ. ಗೌಂಡಿಗಳ ಗುಂಡನ್ನು ಸೀಟಿನಿಂದ ಇಳಿಬಿಟ್ಟು, ದಾರಕ್ಕೂ ನಡುಬಿಂದುವಿಗೂ ಇರುವ ಅಂತರ ಅಳೆಯಹೊರಟೆ. ಸೈಕಲ್ ಹಿಡಿದಿದ್ದ ತಂಗಿ, "ತಡಿ ಅಣ್ಣ, ಗುಂಡು ಇನ್ನೂ ಅಲ್ಲಾಡ್ತಾ ಇದ್ದು" ಅಂದಳು. ಅವಸರ ಮಾಡಿದರೆ ಅರ್ಧ ಸೆಂ.ಮೀ. ತಪ್ಪುವುದು ಖಂಡಿತ.

ದಾರ ಎಲ್ಲಿಂದ ಬಿಡಬೇಕು ಎನ್ನುವುದೇ ಮುಖ್ಯ. ನನ್ನ ಒಂದು ಸೀಟು 27.5 ಸೆಂ.ಮೀ. ಉದ್ದ, ಇನ್ನೊಂದು ಮೊಂಡು ಮೂತಿಯದು, 24. ಮೂತಿಯ ತುದಿಗೆ ಹೊಂದಿಸಿದರೆ ಕೂರುವ ಜಾಗ ಹೊಂದುವುದಿಲ್ಲ. ಹಾಗಾಗಿ ಎರಡರಲ್ಲೂ ಸೀಟಿನ ಅಗಲ ಸರಿಯಾಗಿ 8 ಸೆಂ.ಮೀ. ಆಗುವಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಗೆರೆ ರೋಡ್ ಬೈಕಿನಲ್ಲಿ ನಡುಬಿಂದುವಿಗಿಂತ 19.5 ಸೆಂ.ಮೀ. ಹಿಂದಿತ್ತು, ಎಂಟಿಬಿಯಲ್ಲಿ 16.5. ಮೂರು ಸೆಂ.ಮೀ. ಹಿಂದೆ ಸರಿಸಿದೆ. ಸರಿಸಿದ ಮೇಲೆ ಎತ್ತರವನ್ನು ಮತ್ತೆ ಅಳೆಯಲೇಬೇಕು: ನಡುಬಿಂದುವಿನಿಂದ ಗೆರೆಗೆ ಸುಮಾರು ಮುಕ್ಕಾಲು ಸೆಂ.ಮೀ. ಹೆಚ್ಚಾಗಿತ್ತು.

ಇನ್ನು ಕ್ರ್ಯಾಂಕಿನ ಉದ್ದ. ರೋಡ್ ಬೈಕಿನದು 170 ಮಿ.ಮೀ., ಎಂಟಿಬಿಯದು 175. ಪೆಡಲ್ 5 ಮಿ.ಮೀ. ಹೆಚ್ಚು ಕೆಳಗೆ ಹೋಗುವುದರಿಂದ ಸೀಟು ಅಷ್ಟೇ ಇಳಿಸಿದೆ: ಅಲ್ಲಿ 71.5 ಸೆಂ.ಮೀ., ಇಲ್ಲಿ 71. ಇದರಿಂದ ಪೆಡಲ್ ಮೇಲೆ ಬಂದಾಗ ಮಂಡಿ ಸುಮಾರು ಒಂದು ಸೆಂ.ಮೀ. ಹೆಚ್ಚು ಮಡಚುತ್ತದೆ, ಅದಕ್ಕೆ ಸೀಟಿನಲ್ಲಿ ಮದ್ದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಹ್ಯಾಂಡಲ್ ಗೊಡವೆಗೆ ಹೋಗಲಿಲ್ಲ. ಎರಡರ ಕೆಲಸವೇ ಬೇರೆ.

ಮರುವಾರ ಎಂಟಿಬಿಯಲ್ಲಿ ಸಹಸ್ರಲಿಂಗಕ್ಕೆ ಹೋಗಿಬಂದೆ, ಮಂಡಿ ತೊಂದರೆ ಕೊಡಲಿಲ್ಲ. ಸೀಟ್ ಪೋಸ್ಟಿಗೆ ಟೇಪು ಸುತ್ತಿ ಗುರುತು ಮಾಡಿದ್ದೇನೆ. ನಾಲ್ಕೂ ಅಳತೆ ಕೊಟ್ಟಿಗೆ ಬಾಗಿಲ ಹಿಂದೆ ಬರೆದಿವೆ.