ಸ್ಕ್ರೂ ಡೌನ್ ಕ್ರೌನಿಗೆ ಸ್ಟೆಮ್ ಕಟ್ ಮಾಡಿ ಕೂರಿಸಿದ್ದು: ಐದು ಹಾಳಾದ ಮೇಲೆ ಆರನೇದು

ಹೋದ ಮಳೆಗಾಲದಲ್ಲಿ ಶುರು ಮಾಡಿದ ಕೆಲಸ, ಈ ಮಳೆಗಾಲ ಬರೋ ಹೊತ್ತಿಗೆ ಕೈಗೆ ಹತ್ತಿತು. ಲೇತ್ ಇಲ್ಲದೆ, ಮನೇಲಿ ಕೂತು, ವಾಚಿನ ಸ್ಕ್ರೂ ಡೌನ್ ಕ್ರೌನಿಗೆ (ತಿರುಪಿನ ಹಾಗೆ ತಿರುಗಿಸಿ ಬಿಗಿ ಮಾಡೋ ಕೀ ಗುಂಡಿ) ಸ್ಟೆಮ್ (ಆ ಗುಂಡಿಯನ್ನ ಒಳಗಿನ ಯಂತ್ರಕ್ಕೆ ಸೇರಿಸೋ ಸಣ್ಣ ಕಡ್ಡಿ) ಅಳತೆ ಹಿಡಿದು ಒಂದೇ ಸಲಕ್ಕೆ ಸರಿ ಕೂರಿಸೋದು. ಇದು ಆಗೋ ಮಾತಲ್ಲ ಹೇಳಿ ಹೇಳಿದವರು ಮೂರು ಜನ, ಅದರಲ್ಲಿ ಒಬ್ಬರು ಮೊನ್ನೆ ತಮ್ಮದೇ ವಾಚಿನ ಕೇಸ್ (ಹೊರಕವಚ) ತಂದು ನನ್ನ ಟೇಬಲ್ ಮೇಲೆ ಇಟ್ಟು ಹೋಗಿದ್ದಾರೆ, ಹಾಗಾಗಿ ಈಗ ಬರೆಯೋಕೆ ಧೈರ್ಯ ಬಂತು.

ನಂದು ಕಾರವಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮೈಕ್ರೋಸ್ಕೋಪ್, ಫ್ಲಶ್ ಕಟರ್, ಟ್ವೀಜರ್ ಎಲ್ಲ ಮೊದಲಿಂದಲೇ ಇತ್ತು. ವಾಚಿನ ಹುಚ್ಚು ಹತ್ತಿದ್ದು ಅಪ್ಪನ ಎಚ್‌ಎಂಟಿ ಜನತಾದಿಂದ. ದಿನಾ ಬೆಳಿಗ್ಗೆ ಕೀ ಕೊಟ್ಟು ಕೊಟ್ಟು ಕ್ರೌನಿನ ಹಲ್ಲೆಲ್ಲ ಸವೆದು ನುಣ್ಣಗಾಗಿತ್ತು, ಅದನ್ನ ಬದಲಿಸೋಕೆ ಹೋಗಿ ಬೇರೆ ಥ್ರೆಡ್ಡಿನ ಕ್ರೌನ್ ತಂದು ಬಲವಂತಕ್ಕೆ ತಿರುಗಿಸಿ ಸ್ಟೆಮ್ಮನ್ನೇ ಮುರಿದೆ. 1961ರಲ್ಲಿ ಜಪಾನಿನ ಸಿಟಿಜನ್ ಜತೆ ಸೇರಿ ಬೆಂಗಳೂರಲ್ಲಿ ಶುರುವಾದ ವಾಚ್ ಕಾರ್ಖಾನೆಯ ವಾಚು, ಅಪ್ಪ ಮೂವತ್ತು ವರ್ಷ ಕಟ್ಟಿದ್ದು, ನಾನು ಹತ್ತು ನಿಮಿಷದಲ್ಲಿ ಕೆಡಿಸಿದೆ. ಅಪ್ಪ ಎಂತದೂ ಹೇಳಲಿಲ್ಲ, ಎರಡು ದಿನ ಮಾತು ಬಿಟ್ಟರು ಅಷ್ಟೆ.

ಇಲ್ಲಿ ಬರೀತಿರೋದು ಎನ್‌ಎಚ್35 ಅನ್ನೋ ಸೈಕೋ ಆಟೊಮ್ಯಾಟಿಕ್ ಮೂವ್‌ಮೆಂಟ್ (ವಾಚಿನೊಳಗಿನ ಯಂತ್ರ) ಹಾಕಿ ಕಟ್ಟಿದ 40 ಎಂಎಂ ಡೈವರ್ (ನೀರಿಗಿಳಿಯೋರ ವಾಚಿನ) ಕೇಸಿನ ಕತೆ ಮಾತ್ರ. ತಿರುಪಿಲ್ಲದೆ ಬರೀ ಒತ್ತಿದ್ರೆ ಕೂರೋ ಪುಶ್ ಇನ್ ಕ್ರೌನಿಗೆ ಇಷ್ಟೆಲ್ಲ ರಗಳೆ ಇಲ್ಲ, ಸಂದು ನೋಡಿದ್ರೆ ಎಷ್ಟು ತೆಗೀಬೇಕು ಗೊತ್ತಾಗ್ತದೆ. ಸ್ಕ್ರೂ ಡೌನಿನಲ್ಲಿ ಕ್ರೌನಿನೊಳಗೆ ಸ್ಪ್ರಿಂಗ್ ಕೂತಿರ್ತದಲ್ಲ, ಅದೇ ತಲೆನೋವು. ಯಾವ ಅಳತೆ ತಗೊಂಡ್ರೂ ಸ್ಪ್ರಿಂಗ್ ಅರ್ಧ ಒತ್ತಿದಾಗ ಒಂದು, ಪೂರ್ತಿ ಒತ್ತಿದಾಗ ಇನ್ನೊಂದು.

ನಮ್ಮ ಪೇಟೆಯಲ್ಲಿ ನಲವತ್ತು ವರ್ಷದಿಂದ ವಾಚ್ ಬಿಚ್ಚಿ ಕೂತಿರೋ ಒಬ್ಬ ಮಾಮ ಇದ್ದಾರೆ. ಅವರನ್ನ ಕೇಳಿದ್ದಕ್ಕೆ, "ತಮಾ, ಇದಕ್ಕೆ ಅಳತೆ ಗಿಳತೆ ಎಂತದೂ ಇಲ್ಲ, ಚೂರು ಕಟ್ ಮಾಡೂದು, ಹಾಕಿ ನೋಡೂದು, ಮತ್ತೆ ಉಜ್ಜೂದು. ಇಪ್ಪತ್ತು ಸಲ ಮಾಡ್ಬೇಕು" ಅಂದ್ರು. ಇಪ್ಪತ್ತು ಸಲ ಸ್ಟೆಮ್ ಹಾಕಿ ತೆಗೆದ್ರೆ ಎನ್‌ಎಚ್35 ಗತಿ ಏನಾಗ್ತದೆ ಅಂತ ಕೆಲಸ ಮಾಡಿದವರಿಗೆ ಗೊತ್ತು. ನಂಗೆ ಆಗ ಗೊತ್ತಿರಲಿಲ್ಲ, ಹನ್ನೊಂದನೇ ಸಲಕ್ಕೋ ಹನ್ನೆರಡನೇ ಸಲಕ್ಕೋ ಸ್ಟೆಮ್ ಬಿಡಿಸೋಕೆ ಒತ್ತೋ ಸೆಟ್ಟಿಂಗ್ ಲಿವರನ್ನ ಜೋರಾಗಿ ಒತ್ತಿಬಿಟ್ಟೆ, ಸ್ಟೆಮ್ ವಾಪಸ್ ಹೋಯ್ತು ಆದ್ರೆ ಕೀನೂ ಇಲ್ಲ, ಟೈಮ್ ಸೆಟ್ಟೂ ಇಲ್ಲ, ಕ್ರೌನ್ ಬರೀ ಗರಗರ ತಿರುಗ್ತದೆ. ಮುಳ್ಳು ತೆಗಿ, ಡಯಲ್ ತೆಗಿ, ಡೇಟ್ ಚಕ್ರ ತೆಗಿ, ಕೀಲೆಸ್ (ಕೀ ಕೊಡೋ, ಟೈಮ್ ಸೆಟ್ ಮಾಡೋ ಭಾಗ) ಪೂರ್ತಿ ಮತ್ತೆ ಜೋಡಿಸು. ರಾತ್ರಿ ಒಂದೂವರೆ ಆಯ್ತು, ಮಧ್ಯ ಕರೆಂಟ್ ಬೇರೆ ಹೋಗಿ ಸಣ್ಣ ಸ್ಪ್ರಿಂಗ್ ಒಂದು ಹಾರಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ.

ಹಾಳಾದ ಸ್ಟೆಮ್‌ಗಳ ಲೆಕ್ಕ ಹೇಳ್ಬೇಕಲ್ಲ. ಮೊದಲನೇದು ಗಿಡ್ಡ ಆಯ್ತು, ಅರ್ಧ ಎಂಎಂ ಇರ್ಬೇಕು. ಗಿಡ್ಡ ಆದ್ರೆ ಹೇಗಿರ್ತದೆ ಅಂದ್ರೆ, ಕ್ರೌನ್ ತಿರುಗಿಸಿ ಬಿಚ್ಚುವಾಗಲೇ ಅದು ಸ್ಟೆಮ್ಮನ್ನ ಎಳ್ಕೊಂಡು ಬಂದು ತಾನೇ ಡೇಟ್ ಪೊಸಿಷನ್ನಿಗೆ ಹೋಗಿ ಕೂರ್ತದೆ, ಕೀ ಕೊಡೋಣ ಅಂತ ತಿರುಗಿಸಿದ್ರೆ ತಾರೀಖು ಬದಲಾಗ್ತದೆ. ಎರಡನೇದು ಉದ್ದ ಉಳಿದಿತ್ತು, ನಾನು ಸ್ಪ್ರಿಂಗ್ ಬಿಗಿ ಇರ್ಬೇಕು ಅಂದ್ಕೊಂಡು ಒತ್ತಿ ಒತ್ತಿ ತಿರುಗಿಸಿದೆ, ಥ್ರೆಡ್ ಅಡ್ಡ ಹತ್ತಿ ಕ್ರೌನ್ ತಿರುಗಿ ಕೂರೋ ಕೇಸಿನ ಟ್ಯೂಬೇ ಹೋಯ್ತು. ಕೇಸ್ ನೆನಪಿದ್ದಂಗೆ ಎರಡು ಸಾವಿರದ ಎಂಟ್ನೂರು. ಅಂಗಡಿಯಲ್ಲಿ ಏಳೆಂಟು ಡಿಸ್‌ಪ್ಲೇ ಹಾಕಿದ್ರೆ ಕೈಗೆ ಉಳಿಯೋ ದುಡ್ಡು ಅದು, ಹೆಂಡತಿಗೆ ಇನ್ನೂ ಹೇಳಿಲ್ಲ. ಮೂರನೇದರ ಉದ್ದ ಸರಿ ಇತ್ತು, ಥ್ರೆಡ್ ಲಾಕ್ (ತಿರುಪು ಸಡಿಲ ಆಗದ ಹಾಗೆ ಹಾಕೋ ಅಂಟು) ಜಾಸ್ತಿ ಹಾಕ್ದೆ, ಅದು ಇಳಿದು ಕ್ರೌನಿನ ಸ್ಪ್ರಿಂಗಿಗೇ ಹೋಗಿ ಗಟ್ಟಿಯಾಯ್ತು, ಕ್ರೌನ್ ಸತ್ತ ಬಂಗಡೆ ತರ ಒಳಗೂ ಹೋಗಲ್ಲ ಹೊರಗೂ ಬರಲ್ಲ. ನಾಲ್ಕನೇದರ ತುದಿ ಓರೆಯಾಗಿ ಉಜ್ಜಿದ್ದೆ, ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ.

ಐದನೇದೇ ನಂಗೆ ಪಾಠ ಕಲಿಸಿದ್ದು. ಅಳತೆ ಸರಿ, ಕಟ್ಟಿಂಗ್ ಸರಿ, ಟ್ರಯಲ್ಲಲ್ಲಿ ಚೆನ್ನಾಗೇ ಕೂತಿತ್ತು, ಬ್ಯಾಕ್ ಮುಚ್ಚಿದ ಮೇಲೆ ನೋಡಿದ್ರೆ ಗಿಡ್ಡ. ಮತ್ತೆ ಬಿಚ್ಚಿದ್ರೆ ಸರಿ, ಮುಚ್ಚಿದ್ರೆ ಗಿಡ್ಡ. ಎರಡು ದಿನ ತಲೆ ಕೆಡಿಸ್ಕೊಂಡೆ. ಆಮೇಲೆ ಹೊಳೀತು, ಟ್ರಯಲ್ ಮಾಡುವಾಗ ಮೂವ್‌ಮೆಂಟಿನ ಸುತ್ತ ಬರೋ ಪ್ಲಾಸ್ಟಿಕ್ ರಿಂಗ್ ನಾನು ಹಾಕ್ತಾನೇ ಇರಲಿಲ್ಲ, ಪದೇ ಪದೇ ತೆಗೆಯೋ ರಗಳೆ ಯಾಕೆ ಹೇಳಿ. ರಿಂಗ್ ಇಲ್ಲದೆ ಮೂವ್‌ಮೆಂಟ್ ಕೇಸಿನಲ್ಲಿ ಆಚೀಚೆ ಜಾರ್ತಿತ್ತು, ಕ್ರೌನ್ ಕಡೆ ಮೂರ್ನಾಲ್ಕು ಪಾಯಿಂಟ್, ಅಂದ್ರೆ ಸುಮಾರು 0.3 ಎಂಎಂ. ಸ್ಕ್ರೂ ಡೌನಿಗೆ ಅಷ್ಟು ಸಾಕು ಜೀವ ತೆಗೆಯೋಕೆ. ಅಲ್ಲಿವರೆಗಿನ ನನ್ನ ಎಲ್ಲ ಅಳತೆಯಲ್ಲೂ ಇದೇ ತಪ್ಪು ಇತ್ತು ಅಂತ ಕಾಣ್ತದೆ, ಕ್ಯಾಲಿಪರಿಗೆ ಬೈದಿದ್ದೇ ಬಂತು.

ಈಗ ನಾನು ಮಾಡೋದು ಹೀಗೆ. ಒಳಗಿನ ಅಳತೆ ತಗೊಳ್ಳೋದೇ ಇಲ್ಲ, ಎಲ್ಲ ಹೊರಗಿಂದ. ಮೊದಲು ಖಾಲಿ ಕೇಸಿಗೆ, ಸ್ಟೆಮ್ ಇಲ್ಲದೆ, ಬರೀ ಕ್ರೌನನ್ನ ಪೂರ್ತಿ ತಿರುಗಿಸಿ ಕೂರಿಸ್ತೇನೆ. ಒಂಬತ್ತು ಗಂಟೆ ಕಡೆ ಕೇಸಿನ ಅಂಚಿಂದ ಕ್ರೌನಿನ ತಲೆವರೆಗೆ ಕ್ಯಾಲಿಪರ್ ಹಿಡಿದು ಬರ್ಕೊಳ್ಳೋದು. ನನ್ನದು ಹತ್ತಿರ ಹತ್ತಿರ 43.8 ಬಂತು. ಆಮೇಲೆ ಡಯಲ್, ರಿಂಗ್ ಎಲ್ಲ ಸಮೇತ ಮೂವ್‌ಮೆಂಟ್ ಕೂರಿಸಿ, ಕಟ್ ಮಾಡದ ಸ್ಟೆಮ್ಮಿಗೆ ಕ್ರೌನ್ ಪೂರ್ತಿ ತಿರುಗಿಸಿ, ಒಳಗೆ ಕೊನೇವರೆಗೆ ತಳ್ಳಿ, ಸ್ಪ್ರಿಂಗ್ ಪೂರ್ತಿ ಒತ್ತಿರೋ ಹಾಗೆ ಇಟ್ಟು ಮತ್ತೆ ಅದೇ ಅಳತೆ. 51.2. ಕಳೆದ್ರೆ 7.4. ಅದು ಬರೀ ಲೆಕ್ಕದ ಅಳತೆ, ಅಷ್ಟೇ ತೆಗೆದ್ರೆ ಸ್ಪ್ರಿಂಗ್ ತಳ ಹತ್ತಿ ಕ್ರೌನ್ ಕೂರೋಕೆ ಜಗಳ ಮಾಡ್ತದೆ. ಮೇಲೆ ಇನ್ನೊಂದು 0.3 ತೆಗೀಬೇಕು, ಆಗ ಸ್ಪ್ರಿಂಗಿಗೆ ಉಸಿರಾಡೋಕೆ ಜಾಗ. ಕೇಸ್, ಟ್ಯೂಬ್, ಕ್ರೌನ್ ಎಂತದೇ ಇರ್ಲಿ, ಎರಡು ಅಳತೆಯ ವ್ಯತ್ಯಾಸ ಮಾತ್ರ ಬೇಕಾಗಿರೋದ್ರಿಂದ ಕ್ಯಾಲಿಪರ್ ಸ್ವಲ್ಪ ಸುಳ್ಳು ಹೇಳಿದ್ರೂ ಎರಡೂ ಕಡೆ ಅದೇ ಸುಳ್ಳು ಹೇಳ್ತದೆ. ನನ್ನದು ಸಾವಿರದ ಇನ್ನೂರರ ಕ್ಯಾಲಿಪರ್, ಅದಕ್ಕೆ ಇದು ದೊಡ್ಡ ಸಮಾಧಾನ.

ಸ್ಪ್ರಿಂಗನ್ನ ಒತ್ತಿ ಹಿಡಿದು ಎರಡೂ ಕೈ ಖಾಲಿ ಇಟ್ಕೊಳ್ಳೋಕೆ ಒಂದು ಉಪಾಯ ಮಾಡ್ಕೊಂಡಿದ್ದೇನೆ. ಒಂದು ರೂಪಾಯಿ ಖರ್ಚಿಲ್ಲ, ಮೊಬೈಲ್ ಬಿಚ್ಚೋರ ಟೇಬಲ್ ಮೇಲೆ ಇರೋ ಸಾಮಾನೇ. ಅದನ್ನ ಈಗ ಹೇಳಲ್ಲ, ಐದು ಸ್ಟೆಮ್ ಕಳ್ಕೊಂಡಿದ್ದೇನೆ, ಅಷ್ಟಾದ್ರೂ ನನ್ನ ಹತ್ರ ಇರ್ಲಿ. ನೀವು ಬೆರಳಲ್ಲಿ ಹಿಡಿದ್ರೂ ನಡೀತದೆ, ಮೂರು ಸಲ ಅಳೆದು ಕಮ್ಮಿ ಬಂದಿದ್ದನ್ನ ತಗೊಳ್ಳಿ.

ಒಟ್ಟು 7.7 ತೆಗೀಬೇಕಲ್ಲ, ಕಟ್ ಮಾಡುವಾಗ 6.7ಕ್ಕೆ ನಿಲ್ಲಿಸ್ತೇನೆ, ಉಳಿದ ಒಂದು ಎಂಎಂ ಉಜ್ಜೋದು. ಕಟರ್ ಒತ್ತಿದ ಕಡೆ ಥ್ರೆಡ್ ಚಪ್ಪಟೆ ಆಗ್ತದೆ, ಆ ಚಪ್ಪಟೆ ಭಾಗ ಉಜ್ಜಿ ಹೋಗೋಕೆ ಅಷ್ಟಾದ್ರೂ ಬೇಕು. ಪಿನ್ ವೈಸಿನಲ್ಲಿ ಸ್ಟೆಮ್ ಹಿಡಿದು, ಎಷ್ಟು ತೆಗೀಬೇಕೋ ಅಷ್ಟೇ ಹೊರಗೆ ಬಿಟ್ಟು, ಡೈಮಂಡ್ ಫೈಲಿನ ಮೇಲೆ ವೈಸಿನ ಬಾಯಿಗೆ ಸಮ ಆಗೋವರೆಗೆ ಉಜ್ಜಿದ್ರೆ ಓರೆ ಆಗಲ್ಲ. ಎಷ್ಟು ಹೊರಗೆ ಬಿಡ್ಬೇಕು ಅನ್ನೋದಕ್ಕೆ ಪಕ್ಕದ ಗ್ಯಾರೇಜಿನ ಫೀಲರ್ ಗೇಜ್, ಸಂದು ಅಳೆಯೋ ತೆಳು ಪಟ್ಟಿಗಳು. ಬೈಕಿನ ಟ್ಯಾಪೆಟ್ ಸೆಟ್ ಮಾಡೋದೇ ಅದು, ಬೇಕಾದ ದಪ್ಪದ ಪಟ್ಟಿ ಇಟ್ಟು ಸ್ಟೆಮ್ ತುದಿಯನ್ನ ಅದರ ಸಮಕ್ಕೆ ನಿಲ್ಲಿಸಿ ವೈಸ್ ಬಿಗಿ ಮಾಡಿದ್ರೆ ಆಯ್ತು. ಗ್ಯಾರೇಜಿನವ "ಎಂತ ಮಾರಾಯ, ವಾಚಿಗೂ ಟ್ಯಾಪೆಟ್ ಉಂಟಾ" ಹೇಳಿ ನಗಾಡಿದ.

ಎನ್‌ಎಚ್35 ಸ್ಟೆಮ್ಮಿನ ಥ್ರೆಡ್ 0.9 ಎಂಎಂ, ಒಂದು ಸುತ್ತು ತಿರುಗಿಸಿದ್ರೆ ಕಾಲು ಎಂಎಂಗೆ ಸ್ವಲ್ಪ ಕಮ್ಮಿ ಮುಂದೆ ಹೋಗ್ತದೆ. ಇದು ತಲೇಲಿ ಇಟ್ಕೊಂಡ್ರೆ ಕೊನೇ ಗಳಿಗೇಲಿ ಫೈಲ್ ಹಿಡಿಯೋದೇ ಬೇಡ. ಒಂದು ಕೂದಲೆಳೆ ಗಿಡ್ಡ ಅನ್ಸಿದ್ರೆ ಕ್ರೌನನ್ನ ಅರ್ಧ ಸುತ್ತು ಹಿಂದೆ ತಂದು ಅಲ್ಲೇ ಥ್ರೆಡ್ ಲಾಕ್ ಹಾಕೋದು. ಲಾಕ್‌ಟೈಟ್ 222, ನೇರಳೆ ಬಣ್ಣದ್ದು, ಸೂಜಿ ಮೊನೆಯಷ್ಟು, ಸ್ಟೆಮ್ಮಿನ ತುದಿಗಲ್ಲ, ತುದಿಯಿಂದ ಎರಡು ಸುತ್ತು ಹಿಂದೆ. ಬಿಚ್ಚಬೇಕಾದ್ರೆ ಸೋಲ್ಡರಿಂಗ್ ಐರನ್ ತಾಗಿಸಿ ಬಿಸಿ ಮಾಡಿದ್ರೆ ಬಿಟ್ಕೊಡ್ತದೆ.

ಮಧ್ಯ ಒಂದು ಹುಚ್ಚಾಟ ಆಯ್ತು. ಶಿರಸಿಯಲ್ಲಿ ನನ್ನ ದೋಸ್ತ ಇದ್ದಾನೆ, ಇದಾಗಲ್ಲ ಅಂದ ಎರಡನೇಯವ. ಅವನ ಮನೆಗೆ ಹೋದಾಗ ಕಟರ್ ಮರೆತು ಹೋಗಿದ್ದೆ, ಅವ "ಅಡಿಕೆ ಕತ್ತರಿಸ್ತದೆ, ಇದೇನು ಮಹಾ" ಹೇಳಿ ಅಡಕತ್ತರಿ ತಂದ. ಸ್ಟೆಮ್ ಕಟ್ ಆಯ್ತು ನಿಜ. ಅಡಕತ್ತರಿಯ ಬಾಯಲ್ಲಿ ಅಕ್ಕಿಕಾಳಿನಷ್ಟು ಹಲ್ಲು ಬಿತ್ತು, ತುಂಡು ಹಾರಿ ಸೀದಾ ಅವನ ಅಮ್ಮನ ಕವಳದ ತಟ್ಟೆಗೆ. ಅವರು ಆ ತುಂಡನ್ನ ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದು ಬಾಯಿಗೆ ಹೋಗಿದ್ರೆ ನನ್ನ ಇರೋ ನಾಲ್ಕು ಹಲ್ಲೂ ಹೋಗ್ತಿತ್ತಲ್ಲೋ ತಮಾ" ಅಂದ್ರು. ಅದೇ ದೋಸ್ತನ ವಾಚಲ್ಲಿ ಸ್ಟೆಮ್ ಚೂರು ಗಿಡ್ಡ ಆಗಿದ್ದನ್ನ ಕ್ರೌನಿನ ತೂತಿನೊಳಗೆ ಸ್ಟೆಮ್ಮಿನದೇ ಸಣ್ಣ ತುಂಡು ಹಾಕಿ ಸರಿ ಮಾಡ್ದೆ, ತುಂಡು ತಳದಲ್ಲಿ ಕೂತು ಸ್ಟೆಮ್ ಅಷ್ಟು ಬೇಗ ನಿಲ್ತದೆ. ಎಂಟು ತಿಂಗಳಾಯ್ತು, ತೋಟದ ಕೆಲಸಕ್ಕೂ ಕಟ್ಕೊಂಡು ಹೋಗ್ತಾನೆ. ಥ್ರೆಡ್ಡಿನ ಹಿಡಿತ ಒಂದೆರಡು ಸುತ್ತು ಕಮ್ಮಿ ಆಗ್ತದೆ, ಹಾಗಾಗಿ ಗಿರಾಕಿಗಳ ವಾಚಿಗೆ ನಾನು ಮಾಡಲ್ಲ.

ಆರನೇದು ಕೂತಿದ್ದು ಮೇ ಕೊನೇಲಿ. ಬಿಚ್ಚಿದ್ರೆ ಕ್ರೌನ್ ಟಪ್ ಅಂತ ಹೊರಗೆ ಬಂದು ನಿಂತು ಕೀ ತಗೊಳ್ತದೆ, ಒಂದು ಎಳೆದ್ರೆ ತಾರೀಖು, ಎರಡು ಎಳೆದ್ರೆ ಟೈಮ್, ಸೆಕೆಂಡ್ ಮುಳ್ಳು ನಿಲ್ತದೆ. ಸ್ಟೆಮ್ ಹಾಕಿ ತೆಗೆದಿದ್ದು ಒಟ್ಟು ಮೂರು ಸಲ. ಮಾಮನ ಇಪ್ಪತ್ತೆಲ್ಲಿ, ನನ್ನ ಮೂರೆಲ್ಲಿ.

ನಮ್ಮ ಕಡಲ ಕರಾವಳಿಯಲ್ಲಿ ಕ್ರೌನ್ ಕೂತ್ರೆ ಸಾಕಾಗಲ್ಲ, ನೀರು ನಿಲ್ಲಬೇಕು. ಪ್ರೆಶರ್ ಟೆಸ್ಟರ್ ತಗೊಳ್ಳೋಷ್ಟು ದುಡ್ಡಿಲ್ಲ. ಮೂವ್‌ಮೆಂಟ್ ಹಾಕೋ ಮೊದಲೇ ಖಾಲಿ ಕೇಸಿನೊಳಗೆ ಟಿಶ್ಯೂ ಪೇಪರ್ ಇಟ್ಟು, ಅದರ ಮೇಲೆ ಜೆಲ್ ಪೆನ್ನಲ್ಲಿ ಚುಕ್ಕಿ ಹಾಕಿ, ಮುಚ್ಚಿ ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಒಂದು ಚುಕ್ಕಿನೂ ಹರಡಿರಲಿಲ್ಲ. ಖುಷಿಯಾಗಿ ವಾಚ್ ಪೂರ್ತಿ ಕಟ್ಟಿ, ಎಲ್ಲರೂ ಮಾಡೋ ಹಾಗೆ ಸ್ವಲ್ಪ ಬೆಚ್ಚಗೆ ಮಾಡಿ ಗ್ಲಾಸಿನ ಮೇಲೆ ತಣ್ಣೀರಿನ ಒಂದು ಹನಿ ಇಟ್ಟೆ. ಹನಿ ಒರೆಸಿದ್ರೆ ಅಡಿಯಲ್ಲಿ ಮಂಜು! ಗ್ಯಾಸ್ಕೆಟ್ ಬದಲಿಸಿದೆ, ಗ್ರೀಸ್ ಹಚ್ಚಿದೆ, ಮತ್ತೆ ಮಂಜು. ಆಮೇಲೆ ಗೊತ್ತಾಯ್ತು, ನೀರು ಹೊರಗಿಂದ ಬಂದಿದ್ದಲ್ಲ, ಜೂನಿನ ಕಾರವಾರದ ಗಾಳಿಯನ್ನೇ ನಾನು ವಾಚಿನೊಳಗೆ ತುಂಬಿ ಮುಚ್ಚಿದ್ದೆ. ಹಪ್ಪಳ ಹತ್ತು ನಿಮಿಷಕ್ಕೆ ಮೆತ್ತಗಾಗೋ ಗಾಳಿ ಅದು. ಬ್ಯಾಕ್ ತೆಗೆದು, ಎಸಿ ಇರೋ ತಂಗಿ ಮನೆಗೆ ಹೋಗಿ, ಒಂದು ತಾಸು ಎಸಿ ಓಡಿಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಅಲ್ಲೇ ಮುಚ್ಚಿದೆ. ಮಂಜು ಮಾಯ. ಈಗ ಮಳೆಗಾಲದಲ್ಲಿ ವಾಚ್ ಮುಚ್ಚೋಕೆ ತಂಗಿ ಮನೇನೇ ನನ್ನ ಕ್ಲೀನ್ ರೂಮ್, ಬಾಡಿಗೆಗೆ ಸೀಗಡಿ ತಗೊಂಡು ಹೋಗ್ಬೇಕು.

ದುಡ್ಡಿನ ಲೆಕ್ಕ ಸುಮಾರಾಗಿ: ಸ್ಟೆಮ್ ಒಂದಕ್ಕೆ ಇನ್ನೂರರ ಹತ್ರ, ಆರಕ್ಕೆ ಸಾವಿರದ ಇನ್ನೂರು. ಹೋದ ಕೇಸು, ಸತ್ತ ಕ್ರೌನು, ಕಳೆದ ಸ್ಪ್ರಿಂಗಿಗೆ ಅಂತ ತಂದ ಹಳೇ ಮೂವ್‌ಮೆಂಟು ಎಲ್ಲ ಸೇರಿ ಆರು ಸಾವಿರ ದಾಟಿದೆ. ವಾಚಿನ ಖರ್ಚು ಬೇರೆ, ಅದು ಹನ್ನೊಂದೋ ಹನ್ನೆರಡೋ. ಅದಾದ ಮೇಲೆ ಮೂರು ವಾಚಿಗೆ ಸ್ಟೆಮ್ ಹಾಕಿದ್ದೇನೆ, ಒಂದೂ ಹಾಳಾಗಿಲ್ಲ. ಅದರಲ್ಲೊಂದು ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದಿಂದ ಟ್ರಾಲರ್ ಮೇಲೆ ಹೋಗೋ ಹುಡುಗಂದು, ಉಪ್ಪುನೀರು, ಮಂಜುಗಡ್ಡೆ, ಬಲೆ ಎಲ್ಲದರ ಮಧ್ಯ ಇರೋ ವಾಚು. ನಾನೇ ದಿನಾ ಫೋನ್ ಮಾಡಿ ಕೇಳ್ತಿದ್ದೆ, ಈಗ ಅವ ನನ್ನ ಫೋನ್ ಎತ್ತಲ್ಲ.

ಮಾಮ ತಂದು ಕೊಟ್ಟಿರೋದು ಹಳೇ ಸ್ವಿಸ್ ಕೇಸು, ಸ್ಕ್ರೂ ಡೌನೇ, ಟ್ಯೂಬ್ ಸ್ವಲ್ಪ ಸವೆದಿದೆ. "ಅಳತೆ ತಗೊಂಡೇ ಮಾಡು, ನೋಡುವಾ" ಅಂದ್ರು, ಮುಖದಲ್ಲಿ ನಗು ಇತ್ತೋ ಇಲ್ವೋ ಗೊತ್ತಾಗಲಿಲ್ಲ. ಬರೀ ಕ್ರೌನ್ ಕೂರಿಸಿ ಮೊದಲನೇ ಅಳತೆ ತಗೊಂಡು ಚೀಟಿಯಲ್ಲಿ ಬರೆದು ಕೇಸಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಎರಡು ಸ್ಟೆಮ್ ಆರ್ಡರ್ ಮಾಡಿದ್ದೇನೆ, ಒಂದೇ ಸಾಕು ಅಂತ ಮಾಮನ ಎದುರಿಗೆ ಹೇಳಿದ್ದೆ.